ಈ ಫಾಲ್ಸೆಟಾ ಯಾರದ್ದು? ಇಷ್ಟವಾದದ್ದನ್ನು ಹುಡುಕೋದು, ಕಲಿಯೋದು ಹೇಗೆ?

ಆರನೇ_ತಂತಿ

ನಮಸ್ಕಾರ ಎಲ್ಲರಿಗೂ. ಸ್ಪೇನಿನ ಫ್ಲಮೆಂಕೊ ಗಿಟಾರ್ ನುಡಿಸುವವರು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು, ಅದಕ್ಕೆ ಇಲ್ಲೇ ಕೇಳುತ್ತಿದ್ದೇನೆ.

ಗೆಳೆಯ ಒಂದು ಆಡಿಯೊ ಕಳಿಸಿದ್ದಾನೆ. ಹಳೇ ಟೇಪಿನಿಂದ ಇಳಿಸಿದ್ದು ಇರಬೇಕು, ಜನರ ಮಾತು, ಲೋಟದ ಸದ್ದು ಎಲ್ಲ ಕೇಳುತ್ತದೆ. ಒಬ್ಬರು ಹಾಡುತ್ತಾರೆ, ಒಂದು ಸಾಲು ಮುಗಿಸಿ ಸುಮ್ಮನಾಗುತ್ತಾರೆ, ಆಗ ಗಿಟಾರಿನವರು ಒಂದು ಚಿಕ್ಕ ತುಣುಕು, ಅಂದರೆ ಫಾಲ್ಸೆಟಾ, ನುಡಿಸುತ್ತಾರೆ. ಅರ್ಧ ನಿಮಿಷವೂ ಇಲ್ಲ. ಮತ್ತೆ ಹಾಡು ಶುರು. ಆ ತುಣುಕು ತಲೆಯಲ್ಲಿ ಕೂತುಬಿಟ್ಟಿದೆ, ಸ್ನಾನ ಮಾಡುವಾಗಲೂ ಅದೇ. ಫೈಲಿನ ಹೆಸರು ಬರೀ "ಬುಲೆರಿಯಾಸ್ 4". ಯಾರು, ಯಾವ ಊರು, ಯಾವ ವರ್ಷ, ಏನೂ ಇಲ್ಲ. ಹಾಡು ಗುರುತಿಸುವ ಆ್ಯಪ್‌ಗೆ ಕೇಳಿಸಿದರೆ ಏನೂ ಸಿಗಲಿಲ್ಲ ಅಂತ ಕೈ ಎತ್ತಿತು.

ಇದಕ್ಕೆಲ್ಲ ಹೆಸರೇ ಇಲ್ಲದಿದ್ದರೆ ಹುಡುಕೋದು ಹೇಗೆ? ಸಿಕ್ಕಿದ ಮೇಲೆ ಕಲಿಯೋದು ಹೇಗೆ, ಟ್ಯಾಬ್ (ಯಾವ ತಂತಿ, ಯಾವ ಫ್ರೆಟ್ ಅಂತ ಅಂಕಿಯಲ್ಲಿ ಬರೆದದ್ದು) ನೋಡಿಯೋ ಕಿವಿಯಿಂದಲೋ? ಹಾಗೇ ನಿಮ್ಮ ನಿಮ್ಮ ಇಷ್ಟದ ಫಾಲ್ಸೆಟಾ ಯಾವುದು ಅಂತಲೂ ಹೇಳಿ.

ಬ್ಯಾಟರಾಯನಪುರ_ಬೀಟ್

ಪಾಕೊ ದೆ ಲೂಸಿಯಾ ಅವರ "ಎಂತ್ರೆ ದೊಸ್ ಆಗ್ವಾಸ್" ಇರಬೇಕು ಗುರು. ಎಲ್ಲರ ತಲೆಯಲ್ಲೂ ಕೂರುವುದು ಅದೇ.

ಪಿಕಾಡೊ_ಪುಟ್ಟ

ಅಯ್ಯೋ ಇಲ್ಲ ಬ್ರೋ. ಅದು ರುಂಬಾ, ನಾಲ್ಕು ಎಣಿಕೆ. 1973ರ ಸ್ಟುಡಿಯೊ ರೆಕಾರ್ಡಿಂಗ್, ಬಾಂಗೊ ಇದೆ, ಬೇಸ್ ಇದೆ, ಹಾಡೇ ಇಲ್ಲ. ಇವರು ಹೇಳುತ್ತಿರುವುದು ಬುಲೆರಿಯಾಸ್, ಹನ್ನೆರಡು ಎಣಿಕೆಯ ಚಕ್ರದ್ದು, ಹಾಡಿನ ಮಧ್ಯೆ ಬಂದದ್ದು. ಫ್ಲಮೆಂಕೊ ಅಂದ ಕೂಡಲೇ ಅದೊಂದೇ ನೆನಪಾಗುತ್ತೆ ಎಲ್ಲರಿಗೂ.

ಬ್ಯಾಟರಾಯನಪುರ_ಬೀಟ್

ಸರಿ ಸರಿ, ಸುಮ್ನೆ ಹೇಳಿದೆ.

ಸೆವಿಯ್ಯಾ_ಕನ್ನಡಿಗ

ಆರನೇ_ತಂತಿ ಅವರೇ, ಆಡಿಯೊ ಹಾಕದೆ ಗುರುತಿಸಿ ಅಂದರೆ ಕಷ್ಟ. ಆದರೂ ಪ್ರಯತ್ನ ಮಾಡೋಣ. ಮೂರು ವಿಷಯ ಕೇಳಿ ನೋಡಿ ಹೇಳಿ. ಆ ತುಣುಕು ಹೆಚ್ಚಾಗಿ ದಪ್ಪ ತಂತಿಗಳ ಮೇಲೆ ಹೆಬ್ಬೆರಳಿನಿಂದ ಬರುತ್ತಿದೆಯೋ ಅಥವಾ ತೆಳು ತಂತಿಗಳ ಮೇಲೆ ಎರಡು ಬೆರಳು ಓಡುತ್ತಿದೆಯೋ? ವೇಗ ಹೇಗಿದೆ, ಹುಚ್ಚೆದ್ದು ಓಡುತ್ತಿದೆಯೋ ಆರಾಮಾಗಿದೆಯೋ? ಆ ರಾಗ ಬೇರೆಲ್ಲಾದರೂ ಕೇಳಿದ ಹಾಗೆ ಅನ್ನಿಸುತ್ತದೆಯೋ?

ಆರನೇ_ತಂತಿ

ಹೆಬ್ಬೆರಳೇ ಅನ್ನಿಸುತ್ತೆ, ಸದ್ದು ದಪ್ಪಗಿದೆ. ವೇಗ ಅಷ್ಟೇನಿಲ್ಲ, ತೂಗಾಡಿಕೊಂಡು ಹೋಗುತ್ತದೆ. ಮೂರನೇ ಪ್ರಶ್ನೆ ಕೇಳಿದಿರಲ್ಲ, ನಗಬೇಡಿ. ಆಫೀಸಿಗೆ ಫೋನ್ ಮಾಡಿದಾಗ ಹೋಲ್ಡ್‌ನಲ್ಲಿ ಹಾಕಿದರೆ ಒಂದು ಟ್ಯೂನ್ ಬರುತ್ತಲ್ಲ, ಎರಡು ಅಕ್ಕಪಕ್ಕದ ಸ್ವರ ಹಿಂದೆ ಮುಂದೆ ಓಡಾಡಿ ಆಮೇಲೆ ಕೆಳಗೆ ಇಳಿಯುತ್ತೆ, ಅದರ ಹಾಗೇ ಶುರುವಾಗುತ್ತದೆ. ಆಮೇಲೆ ಬೇರೆ ಕಡೆ ಹೋಗುತ್ತದೆ. ಅದಕ್ಕೇ ಹೇಳೋಕೆ ಮುಜುಗರ ಆಗಿತ್ತು.

ಸೆವಿಯ್ಯಾ_ಕನ್ನಡಿಗ

ಸಿಕ್ಕಿತು! ನಗುವ ಮಾತೇ ಇಲ್ಲ. ಹೋಲ್ಡ್ ಟ್ಯೂನ್ ಬೀಥೋವನ್‌ನ "ಫ್ಯೂರ್ ಎಲೀಸ್". ಅದನ್ನು ಬುಲೆರಿಯಾಸ್‌ಗೆ ಕೂರಿಸಿದವರು ದಿಯೆಗೊ ದೆಲ್ ಗಾಸ್ತೊರ್. ಸೆವಿಯ್ಯಾ ಪ್ರಾಂತ್ಯದ ಮೊರೊನ್ ದೆ ಲಾ ಫ್ರೊಂತೇರಾ ಎಂಬ ಊರಲ್ಲಿ ಇದ್ದವರು, 1908ರಿಂದ 1973. ಆ ಕಾಲದ ದೊಡ್ಡ ದೊಡ್ಡ ಗಿಟಾರಿಗರು ಮ್ಯಾಡ್ರಿಡ್, ನ್ಯೂಯಾರ್ಕ್ ಅಂತ ಹೋದರು, ಇವರು ಊರು ಬಿಟ್ಟು ಕದಲಲಿಲ್ಲ. ಮದುವೆ, ಹೋಟೆಲು, ಗೆಳೆಯರ ಮನೆಯ ರಾತ್ರಿ ಕೂಟ, ಇಷ್ಟೇ ಅವರ ವೇದಿಕೆ. 1960ರ ದಶಕದಲ್ಲಿ ಅಮೆರಿಕದಿಂದ ಗಿಟಾರ್ ಹುಚ್ಚಿನ ಹುಡುಗರು ಅವರನ್ನು ಹುಡುಕಿಕೊಂಡು ಮೊರೊನ್‌ಗೆ ಬಂದು ಟೇಪ್ ರೆಕಾರ್ಡರ್ ಇಟ್ಟು ಕೂತರು. ನಿಮ್ಮ ಫೈಲಿನ ಲೋಟದ ಸದ್ದು ಅಂತಹ ಕೂಟದ್ದೇ ಇರಬೇಕು.

ಒಂದು ಎಚ್ಚರಿಕೆ. ರಾಗ ದಿಯೆಗೊ ಅವರದ್ದು ಅಂದ ಮಾತ್ರಕ್ಕೆ ನುಡಿಸಿದ್ದೂ ಅವರೇ ಅಂತ ಅಲ್ಲ. ಅವರ ಅಕ್ಕತಂಗಿಯರ ಮಕ್ಕಳು ನಾಲ್ವರು ಗಿಟಾರಿಗರು, ಅವರೂ ಅದನ್ನು ನುಡಿಸುತ್ತಾರೆ, ಶಿಷ್ಯರೂ ನುಡಿಸುತ್ತಾರೆ.

ಆರನೇ_ತಂತಿ

ಸಾರ್, ಕೈ ಮುಗಿದೆ. ಹೋಲ್ಡ್ ಟ್ಯೂನ್ ಅಂತ ಬರೆದು ಅಳಿಸಿ ಬರೆದು ಅಳಿಸಿ ಕೊನೆಗೆ ಹಾಕಿದ್ದೆ.

ಕೊಡಚಾದ್ರಿ_ಮಳೆ

ಹಾಗಾದರೆ ಕದ್ದದ್ದು ಅಂತಾಯ್ತು 😄

ಸೆವಿಯ್ಯಾ_ಕನ್ನಡಿಗ

ಕೊಡಚಾದ್ರಿಯವರೇ, ಫಾಲ್ಸೆಟಾ ಲೋಕದಲ್ಲಿ ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಬ್ಬರ ತುಣುಕು ಇನ್ನೊಬ್ಬರ ಕೈಗೆ ಬಂದು ಅರ್ಧ ಬದಲಾಗಿ ಮೂರನೆಯವರ ಹೆಸರಲ್ಲಿ ಓಡಾಡುತ್ತಿರುತ್ತದೆ. ಗುರುತಿಸುವುದು ಕಷ್ಟವಾಗುವುದೂ ಅದಕ್ಕೇ. "ಇದು ಯಾರದ್ದು" ಅಂತ ಕೇಳುವ ಮೊದಲು "ಇದು ಯಾವ ಪಾಲೊ", ಅಂದರೆ ಫ್ಲಮೆಂಕೊದ ಯಾವ ಪ್ರಕಾರ, ಅಂತ ಕೇಳಬೇಕು.

ನಾನು ಮಾಡುವುದು ಹೇಳುತ್ತೇನೆ. ಮೊದಲು ಗಿಟಾರ್ ಮುಟ್ಟುವುದಿಲ್ಲ, ಚಪ್ಪಾಳೆ ಹಾಕುತ್ತೇನೆ. ನಾಲ್ಕಕ್ಕೆ ಕೂತರೆ ತಾಂಗೊಸ್ ಅಥವಾ ರುಂಬಾ ಕಡೆ. ಹನ್ನೆರಡಕ್ಕೆ ಕೂತರೆ ನಿಧಾನದ್ದು ಸೊಲೆಯಾ, ಓಡುವುದು ಬುಲೆರಿಯಾಸ್, ಮೇಜರ್ ಸ್ವರಗಳ ನಗುಮುಖ ಇದ್ದರೆ ಅಲೆಗ್ರಿಯಾಸ್. ಎಣಿಕೆಗೇ ಸಿಗದೆ ತೇಲುತ್ತಿದ್ದರೆ ತಾರಾಂತಾ, ಗ್ರಾನಾಯಿನಾ, ರೊಂದೇನ್ಯಾ ಇವುಗಳಲ್ಲಿ ಒಂದು. ಇಷ್ಟಕ್ಕೇ ಹುಡುಕಾಟ ಕಾಲುಭಾಗಕ್ಕೆ ಇಳಿಯುತ್ತದೆ.

ಆಮೇಲೆ ಕೈ ಎಲ್ಲಿ ಕೂತಿದೆ ಅಂತ ನೋಡಬೇಕು. ಕೇಪೊ (ಎಲ್ಲ ತಂತಿಗಳನ್ನೂ ಅಡ್ಡಲಾಗಿ ಒತ್ತಿ ಶ್ರುತಿ ಏರಿಸುವ ಕ್ಲಿಪ್) ಹಾಕಿರುತ್ತಾರೆ, ಅದರಿಂದ ಶ್ರುತಿ ಕೇಳಿ ಮೋಸ ಹೋಗಬಾರದು. ಗಾಯಕರ ಗಂಟಲಿಗೆ ತಕ್ಕ ಹಾಗೆ ಕೇಪೊ ಮೂರನೇ ಫ್ರೆಟ್ಟಿಗೋ ಐದನೇ ಫ್ರೆಟ್ಟಿಗೋ ಹೋಗಿರುತ್ತದೆ, ಆದರೆ ಬೆರಳಿನ ಆಕಾರ ಅದೇ. "ಪೊರ್ ಆರ್ರಿಬಾ" ಅಂದರೆ ಮಿ (E) ಆಕಾರ, ಸಾಮಾನ್ಯವಾಗಿ ಆರನೇ ತಂತಿ ತೆರೆದದ್ದೇ ಮನೆ, ಅಂದರೆ ರಾಗ ಕೊನೆಗೆ ಬಂದು ಕೂರುವ ಸ್ವರ, ಅದಕ್ಕಿಂತ ಕೆಳಗೆ ಇಳಿಯಲು ಜಾಗವೇ ಇಲ್ಲ. "ಪೊರ್ ಮೇದಿಯೊ" ಅಂದರೆ ಲಾ (A) ಆಕಾರ, ಐದನೇ ತಂತಿ ಮನೆ. ಹಾಗಾಗಿ ತುಣುಕು ಮನೆಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಬಂದು ಕೂತರೆ ಅದು ಪೊರ್ ಮೇದಿಯೊ ಇರುವ ಸಾಧ್ಯತೆ ಜಾಸ್ತಿ. ಸೊಲೆಯಾ ಹೆಚ್ಚಾಗಿ ಪೊರ್ ಆರ್ರಿಬಾ, ಬುಲೆರಿಯಾಸ್ ಹೆಚ್ಚಾಗಿ ಪೊರ್ ಮೇದಿಯೊ. ತಾರಾಂತಾಗೆ ಫ ಶಾರ್ಪ್ ಮನೆ, ಒಂದು ಮತ್ತು ಎರಡನೇ ತಂತಿ ತೆರೆದೇ ಇರುತ್ತವೆ, ಆ ಕಚ್ಚುವ ಸದ್ದು ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಇಷ್ಟಾದ ಮೇಲೆ ಕೊನೆಗೆ ಯಾರು ಅನ್ನುವ ಪ್ರಶ್ನೆ. ಅದು ಕೇಳಿ ಕೇಳಿ ಬರಬೇಕು. ಹೆಬ್ಬೆರಳು, ಆರಾಮಾದ ತೂಗಾಟ, ಮಧ್ಯೆ ಮಧ್ಯೆ ಖಾಲಿ ಜಾಗ ಅಂದರೆ ಮೊರೊನ್. ಹೆಬ್ಬೆರಳೇ, ಆದರೆ ಚಾಟಿ ಹೊಡೆದ ಹಾಗೆ ಬಿಗಿ ಇದ್ದರೆ ಹೆರೆಸ್ ಊರು, ಅಲ್ಲಿನ ಗಿಟಾರಿಗ ಮೊರಾಯಿತೊ ಅವರ ಕಡೆ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಒಂದೇ ತೂಕದಲ್ಲಿ ಓಡುತ್ತಿದ್ದರೆ ಗಿಟಾರಿಗ ಸಾಬಿಕಾಸ್.

ಹುಬ್ಬಳ್ಳಿ_ಹುಡುಗ

ಇದನ್ನ ಪಿನ್ ಮಾಡ್ರಿ ಯಾರಾದ್ರೂ.

ಪಿಕಾಡೊ_ಪುಟ್ಟ

ಎಲ್ಲ ಸರಿ, ಆದರೆ ಹೊಸಬರಿಗೆ ಇಷ್ಟೆಲ್ಲ ಹೇಳಿದರೆ ಓಡಿಹೋಗುತ್ತಾರೆ. ಟ್ಯಾಬ್ ಸಿಗುತ್ತೆ, ತೆಗೆದುಕೊಳ್ಳಿ, ನಿಧಾನಕ್ಕೆ ನುಡಿಸಿ, ವೇಗ ಹೆಚ್ಚಿಸಿ. ನಾನು ಕಲಿತದ್ದು ಹಾಗೇ.

ವೀಣೆ_ಮನೆ

ಪುಟ್ಟ, ಟ್ಯಾಬ್ ಬೇಡ ಅನ್ನುವುದಿಲ್ಲ, ಆದರೆ ಅದು ಬೆರಳು ಎಲ್ಲಿಡಬೇಕು ಅಂತ ಹೇಳುತ್ತೆ ಅಷ್ಟೇ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ವೀಣೆ ಪಾಠ ನಡೆಯುತ್ತಿತ್ತು, ಅಮ್ಮ ಹೇಳಿಕೊಡುತ್ತಿದ್ದರು. ಬಾಯಲ್ಲಿ ಹೇಳದೆ ಯಾರಿಗೂ ತಂತಿ ಮುಟ್ಟಲು ಬಿಡುತ್ತಿರಲಿಲ್ಲ. ಫಾಲ್ಸೆಟಾಗೂ ನಾನು ಅದನ್ನೇ ಮಾಡುತ್ತೇನೆ. ಹಾಡಲು ಬರದ ಫಾಲ್ಸೆಟಾ ನುಡಿಸಲು ಹೋಗುವುದಿಲ್ಲ.

ಇನ್ನೊಂದು, ಎಣಿಕೆ. ಬುಲೆರಿಯಾಸ್‌ನ ಹನ್ನೆರಡನ್ನು ಪುಸ್ತಕಗಳಲ್ಲಿ 12, 3, 6, 8, 10ರ ಮೇಲೆ ಒತ್ತು ಅಂತ ಬರೆದಿರುತ್ತಾರೆ. ಅಂಕಿ ನೋಡಿದರೆ ತಲೆ ತಿರುಗುತ್ತೆ. ಕೊನ್ನಕೋಲಿನಲ್ಲಿ ಹೇಳಿ ನೋಡಿ: ತಕಿಟ ತಕಿಟ ತಕ ತಕ ತಕ. ಮೂರು, ಮೂರು, ಎರಡು, ಎರಡು, ಎರಡು. ಮುಗಿಯಿತು. ಮೊದಲ ತಕಿಟದ "ತ" ಇದೆಯಲ್ಲ, ಅದೇ ಅವರ 12. ಸೆಗಿರಿಯಾ ಅನ್ನುವ ಪಾಲೊ ಇನ್ನೂ ಚೆನ್ನ: ತಕ ತಕ ತಕಿಟ ತಕಿಟ ತಕ. ಅದೇ ಚಕ್ರ, ಬೇರೆ ಕಡೆಯಿಂದ ಶುರು.

ಆರನೇ_ತಂತಿ

ಮೇಡಂ ಇದು ಚಿನ್ನ!! ಬಸ್ಸಿನಲ್ಲಿ ಕೂತು ತೊಡೆ ಮೇಲೆ ತಟ್ಟುತ್ತಿದ್ದೇನೆ, ಪಕ್ಕದವರು ನೋಡುತ್ತಿದ್ದಾರೆ.

ಸೆವಿಯ್ಯಾ_ಕನ್ನಡಿಗ

ವೀಣೆ_ಮನೆ ಅವರ ಲೆಕ್ಕ ಸರಿ. ಒಂದು ಮಾತು ಸೇರಿಸುತ್ತೇನೆ, ನಮ್ಮವರು ಎಡವುವುದು ಇಲ್ಲೇ. ತಾಳ ಕಲಿತವರಿಗೆ ಎಲ್ಲ ಬಂದು ಸಮದ ಮೇಲೆ ಮುಗಿಯಬೇಕು ಅನ್ನಿಸುತ್ತದೆ. ಇಲ್ಲಿ ಮುಗಿಯುವುದು 10ರ ಮೇಲೆ. ಸೊಲೆಯಾ ಆದರೂ ಬುಲೆರಿಯಾಸ್ ಆದರೂ ಫಾಲ್ಸೆಟಾ ಸಾಮಾನ್ಯವಾಗಿ 10ರಲ್ಲಿ ಬಂದು ಕೂರುತ್ತದೆ, 11 ಮತ್ತು 12ಕ್ಕೆ ಉಸಿರು, ಆಮೇಲೆ ಮುಂದಿನದು. ಅಂದರೆ ನಿಮ್ಮ ಕೊನೆಯ "ತಕ"ದ "ತ" ಮೇಲೆ. ಹಾಡುವವರು ಆ 10ನ್ನು ಕೇಳಿಕೊಂಡೇ ಒಳಗೆ ಬರುತ್ತಾರೆ. ಅದು ತಪ್ಪಿದರೆ ಎಷ್ಟು ಚೆಂದದ ಫಾಲ್ಸೆಟಾ ಆದರೂ ಪ್ರಯೋಜನ ಇಲ್ಲ, ಹಾಡುವವರು ಮುಖ ತಿರುಗಿಸಿ ನೋಡುತ್ತಾರೆ. ಆ ನೋಟ ನಾನು ಇಲ್ಲಿ ಹತ್ತಿರದಿಂದ ಕಂಡಿದ್ದೇನೆ, ಚೆನ್ನಾಗಿರುವುದಿಲ್ಲ.

ಪಿಕಾಡೊ_ಪುಟ್ಟ

ಟ್ಯಾಬ್‌ನಲ್ಲೂ 10 ಎಲ್ಲಿ ಅಂತ ಬರೆದಿರುತ್ತಾರಪ್ಪ.

ವೀಣೆ_ಮನೆ

ಕೆಲವರು ಬರೆದಿರುತ್ತಾರೆ. ಹೆಚ್ಚಿನದರಲ್ಲಿ 3/4 ಅಂತ ಹಾಕಿ ಮೊದಲ ಸ್ವರವನ್ನು 1 ಅಂತ ತೋರಿಸಿರುತ್ತಾರೆ. ನಾನು ದುಡ್ಡು ಕೊಟ್ಟು ತೆಗೆದುಕೊಂಡ ಒಂದು ಆನ್‌ಲೈನ್ ಕೋರ್ಸ್‌ನಲ್ಲಿ (ಹೆಸರು ಬೇಡ) ಸೊಲೆಯಾ ಫಾಲ್ಸೆಟಾ ಒಂದಕ್ಕೆ ಹನ್ನೊಂದೇ ಎಣಿಕೆ ಇತ್ತು. ಬರೆದು ಕೇಳಿದರೆ "ಅದು ಭಾವಕ್ಕೆ ಬಿಟ್ಟದ್ದು" ಅಂತ ಉತ್ತರ ಬಂತು. ಭಾವ ಎಲ್ಲ ಸರಿ, ಒಂದು ಎಣಿಕೆ ಎಲ್ಲಿ ಹೋಯಿತು ಸ್ವಾಮಿ?

ಹುಬ್ಬಳ್ಳಿ_ಹುಡುಗ

ಹಹ್ಹಾ, ಜಿಎಸ್‌ಟಿ ಕಟ್ ಆಗೇತಿ ಅಕ್ಕಾರ.

ಕೊಡಚಾದ್ರಿ_ಮಳೆ

ವೀಡಿಯೊ ಇದ್ದರೆ ಇನ್ನೂ ಸುಲಭ. ಯೂಟ್ಯೂಬ್‌ನಲ್ಲಿ ವೇಗ 0.5ಕ್ಕೆ ಇಳಿಸಿದರೂ ಶ್ರುತಿ ಇಳಿಯುವುದಿಲ್ಲ. ಕಂಪ್ಯೂಟರ್‌ನಲ್ಲಿ ನೋಡುತ್ತಿದ್ದರೆ ನಿಲ್ಲಿಸಿ, ಕೀಬೋರ್ಡಿನ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀ ಒತ್ತಿ, ಒಂದೊಂದೇ ಚಿತ್ರ ಹಿಂದೆ ಮುಂದೆ ಹೋಗುತ್ತದೆ. ಎಡಗೈ ಯಾವ ಫ್ರೆಟ್ಟಿನಲ್ಲಿದೆ ಅಂತ ಅದರಲ್ಲಿ ಕಾಣುತ್ತದೆ, ಕಿವಿಗೆ ಅನುಮಾನ ಇರುವ ಕಡೆ ಕಣ್ಣಿನಿಂದ ಖಚಿತ ಮಾಡಿಕೊಳ್ಳಬಹುದು. ದಿಯೆಗೊ ಅವರ ವೀಡಿಯೊ ಬೇಕಿದ್ದರೆ ಸ್ಪೇನಿನ ಸರಕಾರಿ ಟಿವಿ 1971ರಿಂದ 1973ರವರೆಗೆ ಮಾಡಿದ "ರಿತೊ ಇ ಹೆಯೊಗ್ರಾಫಿಯಾ ದೆಲ್ ಕಾಂತೆ" ಸರಣಿ ಹುಡುಕಿ. ಅವರ ಮೇಲೇ ಒಂದು ಕಂತು ಇದೆ. ಕಪ್ಪುಬಿಳುಪು, ಆದರೆ ಕೈ ಚೆನ್ನಾಗಿ ಕಾಣುತ್ತದೆ.

ಪಿಕಾಡೊ_ಪುಟ್ಟ

ಅಲ್ಪವಿರಾಮದ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್.

ಮೂಲ_ಹುಡುಕು

ಎಲ್ಲರೂ ಒಂದು ವಿಷಯ ಮರೆಯುತ್ತಿದ್ದೀರಿ. ಈ ಫ್ಲಮೆಂಕೊ ಪೂರ್ತಿ ನಮ್ಮದೇ. ಜಿಪ್ಸಿಗಳು ಇಲ್ಲಿಂದ ಹೋದವರು, ಕಥಕ್ ತೆಗೆದುಕೊಂಡು ಹೋದರು, ರಾಗ ತೆಗೆದುಕೊಂಡು ಹೋದರು. ಆ ಸ್ವರಗಳು ಕೇಳಿ, ಅಪ್ಪಟ ತೋಡಿ.

ವೀಣೆ_ಮನೆ

ಬಂತಪ್ಪ.

ಸ್ವರಗಳ ಲೆಕ್ಕ ಮಾತ್ರ ಮಾಡಿದರೆ ಅರ್ಧ ಸರಿ. ಅವರ ಫ್ರಿಜಿಯನ್ ಮೋಡ್‌ನ ಸ್ವರಗಳು ನಮ್ಮ 8ನೇ ಮೇಳ ಹನುಮತೋಡಿಯ ಸ್ವರಗಳೇ. ಗಾಂಧಾರ ಮೇಲೇರಿಸಿದರೆ 14ನೇ ಮೇಳ ವಕುಳಾಭರಣ. ಫ್ಲಮೆಂಕೊದಲ್ಲಿ ಎರಡೂ ಗಾಂಧಾರ ಬರುತ್ತವೆ, ರಾಗ ಇಳಿಯುವಾಗ ಸಾಧಾರಣ ಗಾಂಧಾರ, ಕೊನೆಗೆ ಕೂರುವ ಕಾರ್ಡ್‌ನಲ್ಲಿ ಅಂತರ ಗಾಂಧಾರ. ಆದರೆ ತೋಡಿ ಅಂದರೆ ಅದರ ಗಾಂಧಾರದ ಗಮಕ. ಗಮಕ ತೆಗೆದು ಸ್ವರ ಮಾತ್ರ ಇಟ್ಟರೆ ಅದು ತೋಡಿ ಹೇಗಾಗುತ್ತೆ? ಮತ್ತೆ ಫ್ಲಮೆಂಕೊ ಗಿಟಾರ್ ನಿಂತಿರುವುದು ಕಾರ್ಡ್‌ಗಳ ಮೇಲೆ, ಲಾ ಮೈನರ್, ಸೊಲ್, ಫಾ, ಮಿ ಅಂತ ಇಳಿಯುವ ಮೆಟ್ಟಿಲು. ನಮ್ಮಲ್ಲಿ ಆ ಯೋಚನೆಯೇ ಇಲ್ಲ.

ಸೆವಿಯ್ಯಾ_ಕನ್ನಡಿಗ

ರೋಮಾ ಜನರ ಭಾಷೆ ಉತ್ತರ ಭಾರತದ ಭಾಷೆಗಳ ಸಂಬಂಧಿ, ಅದರಲ್ಲಿ ಅನುಮಾನ ಇಲ್ಲ. ಸ್ಪೇನಿನ ದಾಖಲೆಯಲ್ಲಿ ಅವರು ಕಾಣಿಸುವುದು 1425ರಿಂದ. ಫ್ಲಮೆಂಕೊ ಅಂತ ನಾವು ಇವತ್ತು ಗುರುತಿಸುವ ಹಾಡು ದಾಖಲೆಗೆ ಬರುವುದು 18ನೇ ಶತಮಾನದ ಕೊನೆ, 19ನೇ ಶತಮಾನದಲ್ಲಿ. ಮಧ್ಯೆ ಮುನ್ನೂರು ನಾನೂರು ವರ್ಷ ಆಂದಲೂಸಿಯಾದಲ್ಲಿ ಬದುಕಿ, ಅಲ್ಲಿನ ಜಾನಪದ, ಮೂರಿಷ್ ಛಾಯೆ, ಅಮೆರಿಕದಿಂದ ತಿರುಗಿ ಬಂದ ಲಯ ಎಲ್ಲ ಬೆರೆತು ಆದದ್ದು. ಈ ಗಿಟಾರನ್ನೇ ನೋಡಿ, ಇವತ್ತಿನ ಆಕಾರ ಬಂದದ್ದು 19ನೇ ಶತಮಾನದಲ್ಲಿ, ಅಲ್ಮೆರಿಯಾದ ಆಂತೋನಿಯೊ ದೆ ತೊರ್ರೆಸ್ ಅವರ ಕೈಯಿಂದ. "ಪೂರ್ತಿ ನಮ್ಮದೇ" ಅಂತ ಹೆರೆಸ್‌ನ ಸಾಂತಿಯಾಗೊ ಬೀದಿಯಲ್ಲಿ ನಿಂತು ಹೇಳಿ ನೋಡಿ, ಒಂದು ಗ್ಲಾಸ್ ಶೆರಿ ಕೊಡಿಸಿ ನಕ್ಕು ಕಳಿಸುತ್ತಾರೆ.

ಮೂಲ_ಹುಡುಕು

ನೀವೆಲ್ಲ ಹೊರಗಿನವರ ಇತಿಹಾಸವನ್ನೇ ನಂಬುತ್ತೀರಿ. ಬಿಡಿ.

ಹುಬ್ಬಳ್ಳಿ_ಹುಡುಗ

ಶೆರಿ ಸಿಗೂದಾದ್ರ ನಾ ಹೇಳತೇನಿ ಬೇಕಾದ್ರ.

ಬ್ಯಾಟರಾಯನಪುರ_ಬೀಟ್

ನಮ್ಮ ಕಡೆ ಲಿಂಕ್ ಬೇಕಿದ್ದರೆ ಜಾನ್ ಮೆಕ್‌ಲಾಫ್ಲಿನ್ ಇದ್ದಾರಲ್ಲ. ಶಕ್ತಿ ಬ್ಯಾಂಡ್‌ನಲ್ಲಿ ಜಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಮ್ ಜೊತೆ ನುಡಿಸಿದವರು, ಆಮೇಲೆ 1980ರ ಡಿಸೆಂಬರ್‌ನಲ್ಲಿ ಪಾಕೊ ಮತ್ತು ಅಲ್ ದಿ ಮಿಯೊಲಾ ಜೊತೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೂತರು. ಈಗ ಸರಿ ಹೇಳಿದೆ ತಾನೇ ಪುಟ್ಟ?

ಪಿಕಾಡೊ_ಪುಟ್ಟ

ಈಗ ಸರಿ 👍 ಆದರೆ ಆ ರೆಕಾರ್ಡ್ ಕೇಳಿ ಫಾಲ್ಸೆಟಾ ಕಲಿಯೋಕೆ ಹೋಗಬೇಡಿ, ಅದು ಮೂರು ಜನರ ಓಟದ ಪಂದ್ಯ.

ಉಗುರು_ಉದ್ದ

ಪಂದ್ಯ ಆದರೇನಂತೆ, ನನಗೆ ಫ್ಲಮೆಂಕೊ ಹುಚ್ಚು ಹತ್ತಿದ್ದೇ ಅದರಿಂದ.

ವಿಷಯಕ್ಕೆ ಬರುತ್ತೇನೆ. ಯಾರೂ ಬಲಗೈ ಬಗ್ಗೆ ಮಾತಾಡುತ್ತಿಲ್ಲ. ಒಂದೇ ಫಾಲ್ಸೆಟಾ ಪಿಕಾಡೊದಲ್ಲಿ (ಎರಡು ಬೆರಳಿನ ಓಟ) ನುಡಿಸಿದರೆ ಒಂದು ಥರ, ಹೆಬ್ಬೆರಳಲ್ಲಿ ನುಡಿಸಿದರೆ ಇನ್ನೊಂದು ಥರ. ಸ್ವರ ಸರಿ ಇದ್ದೂ "ಅದು" ಅನ್ನಿಸುತ್ತಿಲ್ಲ ಅಂದರೆ ಹತ್ತರಲ್ಲಿ ಒಂಬತ್ತು ಸಲ ಬಲಗೈ ತಪ್ಪಿರುತ್ತದೆ. ಆಲ್ಸಾಪುವಾ ಅನ್ನುವ ಹೆಬ್ಬೆರಳಿನ ತಂತ್ರ ತೆಗೆದುಕೊಳ್ಳಿ. ಹೆಬ್ಬೆರಳು ದಪ್ಪ ತಂತಿಗೆ ಹೊಡೆದು ಪಕ್ಕದ ತಂತಿಯ ಮೇಲೆ ಒರಗಿ ನಿಲ್ಲಬೇಕು, ಅಲ್ಲಿಂದ ಉಳಿದ ತಂತಿಗಳ ಮೇಲೆ ಕೆಳಗೆ, ಮತ್ತೆ ಉಗುರಿನ ಹಿಂಭಾಗದಿಂದ ಮೇಲಕ್ಕೆ. ಮೂರು ಹೊಡೆತ, ಒಂದೇ ಬೆರಳು, ಮಣಿಕಟ್ಟು ತಿರುಗುತ್ತಿರಬೇಕು. ಜೊತೆಗೆ ಉಂಗುರ ಬೆರಳು ಮರದ ಮೇಲೆ ಕುಟ್ಟುವ ಗೋಲ್ಪೆ ಬೇರೆ. ಟ್ಯಾಬ್‌ನಲ್ಲಿ ಇದು ಮೂರು ಅಂಕಿಯಾಗಿ ಕಾಣುತ್ತದೆ ಅಷ್ಟೇ. ಟ್ರೆಮೊಲೊ (ಒಂದೇ ಸ್ವರವನ್ನು ಬೆರಳುಗಳಿಂದ ಬೇಗ ಬೇಗ ಮತ್ತೆ ಮತ್ತೆ ಹೊಡೆಯುವುದು) ಕೂಡ ಹಾಗೇ, ಕ್ಲಾಸಿಕಲ್‌ನವರು ಹೆಬ್ಬೆರಳಿನ ನಂತರ ಮೂರು ಸ್ವರ ಹೊಡೆಯುತ್ತಾರೆ, ಫ್ಲಮೆಂಕೊದಲ್ಲಿ ನಾಲ್ಕು. ಕಿವಿಯಲ್ಲಿ ಎಣಿಸಿದರೆ ಗೊತ್ತಾಗುತ್ತದೆ ನುಡಿಸುತ್ತಿರುವವರು ಯಾವ ಮನೆಯವರು ಅಂತ.

ಆರನೇ_ತಂತಿ

ಉಗುರಿನ ಮಾತು ಬಂತಲ್ಲ. ಬಲಗೈ ಉಗುರು ಬಿಟ್ಟಿದ್ದೇನೆ, ಮನೆಯಲ್ಲಿ ದೊಡ್ಡ ಜಗಳ. ಬಲಗೈಯಲ್ಲೇ ಊಟ, ಸಾರನ್ನ ಕಲಸಿದರೆ ಅರ್ಧ ಉಗುರಿನೊಳಗೆ. ಅಮ್ಮ "ಗಂಡಸರಿಗೆ ಯಾಕೋ ಉಗುರು, ಕತ್ತರಿಸು ಮೊದಲು" ಅಂತ ಬೆಳಿಗ್ಗೆ ಎದ್ದ ಕೂಡಲೇ ಶುರು ಮಾಡುತ್ತಾರೆ.

ಹುಬ್ಬಳ್ಳಿ_ಹುಡುಗ

ಚಮಚ ತಗೋರಿ.

ಕೊಡಚಾದ್ರಿ_ಮಳೆ

ಚಮಚದಲ್ಲಿ ಮುದ್ದೆ ನುಂಗುವುದು ಹೇಗೆ ಅಂತ ಯಾರಾದರೂ ವೀಡಿಯೊ ಹಾಕಿ, 0.5ರಲ್ಲಿ ನೋಡಿ ಕಲಿಯುತ್ತೇನೆ.

ಉಗುರು_ಉದ್ದ

ಅಷ್ಟು ಉದ್ದ ಬೇಡ ಮಾರಾಯರೇ, ಬೆರಳ ತುದಿಯಿಂದ ಒಂದೆರಡು ಮಿಲಿಮೀಟರ್ ಸಾಕು. ಹೆಸರು ನೋಡಿ ಮೋಸ ಹೋಗಬೇಡಿ, ನನ್ನದೂ ಅಷ್ಟೇ. ರಾಸ್ಗೆಯಾಡೊ (ಬೆರಳುಗಳನ್ನು ಬಿಡಿಸಿ ಎಲ್ಲ ತಂತಿಗಳ ಮೇಲೆ ಬಾರಿಸುವುದು) ಮಾಡಿ ಮಾಡಿ ಉಗುರು ಸೀಳುತ್ತೆ ಅಂತ ಸ್ಪೇನಿನಲ್ಲಿ ತುಂಬಾ ಜನ ಸೂಪರ್ ಗ್ಲೂ ಸವರುತ್ತಾರೆ, ಒಣಗಿದ ಮೇಲೆ ನಯವಾದ ಮರಳು ಕಾಗದದಲ್ಲಿ ಉಜ್ಜುತ್ತಾರೆ. ಚರ್ಮಕ್ಕೆ ತಾಗದ ಹಾಗೆ ನೋಡಿಕೊಳ್ಳಬೇಕು. ಹಾಗೇ ಮಾಮೂಲಿ ಕ್ಲಾಸಿಕಲ್ ಗಿಟಾರ್ ಇಟ್ಟುಕೊಂಡವರು ಗೋಲ್ಪೆ ಶುರು ಮಾಡುವ ಮೊದಲು ತಂತಿಯ ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಇಲ್ಲದಿದ್ದರೆ ಮೆದು ಮರ, ಹಳ್ಳ ಬೀಳುತ್ತದೆ.

ವೀಣೆ_ಮನೆ

ಇಷ್ಟದ ಫಾಲ್ಸೆಟಾ ಹೇಳಿ ಅಂದಿದ್ದರು, ಎಲ್ಲರೂ ಮುದ್ದೆಗೆ ಹೋಗಿದ್ದೀರಿ.

ನನ್ನದು ರಮೋನ್ ಮೊಂತೋಯಾ ಅವರ ರೊಂದೇನ್ಯಾ. 1936ರಲ್ಲಿ ಪ್ಯಾರಿಸ್‌ನಲ್ಲಿ ರೆಕಾರ್ಡ್ ಆದದ್ದು. ಆರನೇ ತಂತಿಯನ್ನು ರೆ (D) ಸ್ವರಕ್ಕೆ ಇಳಿಸಿ, ಮೂರನೇ ತಂತಿಯನ್ನು ಫ ಶಾರ್ಪ್‌ಗೆ ಇಳಿಸಿ ನುಡಿಸುತ್ತಾರೆ. ಮಾಮೂಲಿ ಶ್ರುತಿಯಲ್ಲಿ ಎಷ್ಟು ಹುಡುಕಿದರೂ ಆ ಸ್ವರ ಜೋಡಿಗಳು ಕೈಗೆ ಸಿಗುವುದಿಲ್ಲ. ಗುರುತಿಸುವವರಿಗೆ ಇದೂ ಒಂದು ಸುಳಿವು. ತೆರೆದ ತಂತಿಗಳು ವಿಚಿತ್ರವಾಗಿ ಮೊಳಗುತ್ತಿದ್ದರೆ ಮೊದಲು ಶ್ರುತಿ ಬದಲಾಗಿದೆಯಾ ನೋಡಿ.

ಪಿಕಾಡೊ_ಪುಟ್ಟ

ನಂದು ಪಾಕೊ ಅವರದ್ದೇ, ಏನು ಮಾಡೋದು. 1987ರ ಸಿರೊಕೊ ಆಲ್ಬಂನ ಸೊಲೆಯಾ, ನೀನ್ಯೊ ರಿಕಾರ್ದೊಗೆ ಅರ್ಪಿಸಿದ್ದು. ಅದೇ ಆಲ್ಬಂನ ಅಲೆಗ್ರಿಯಾಸ್ ಕೂಡ.

ಸೆವಿಯ್ಯಾ_ಕನ್ನಡಿಗ

ಪುಟ್ಟ, ಆ ಸೊಲೆಯಾ ಒಳ್ಳೇ ಉದಾಹರಣೆ. ನೀನ್ಯೊ ರಿಕಾರ್ದೊ ಸೆವಿಯ್ಯಾದವರು, 1904ರಿಂದ 1972. ಪಾಕೊ ಹುಡುಗರಾಗಿದ್ದಾಗ ಅವರ ಫಾಲ್ಸೆಟಾಗಳನ್ನೇ ಕಲಿತು ನುಡಿಸುತ್ತಿದ್ದರು. ಹದಿಹರೆಯದಲ್ಲಿ ಅಮೆರಿಕಕ್ಕೆ ಹೋದಾಗ ಸಾಬಿಕಾಸ್ ಕೇಳಿ, ಬೇರೆಯವರದ್ದು ನುಡಿಸಬೇಡ, ನಿನ್ನದೇ ಮಾಡು ಅನ್ನುವ ಅರ್ಥದಲ್ಲಿ ಹೇಳಿದರಂತೆ. ಪಾಕೊ ಇದನ್ನು ಆಮೇಲೆ ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದಾರೆ. ನಂತರ ಆದದ್ದು ಎಲ್ಲರಿಗೂ ಗೊತ್ತು.

ಕೊಡಚಾದ್ರಿ_ಮಳೆ

ಹಾಗಾದರೆ ನಾವು ಇಲ್ಲಿ ಕೂತು ಬೇರೆಯವರ ಫಾಲ್ಸೆಟಾ ಕಲಿಯುವುದೇ ತಪ್ಪಾ?

ಸೆವಿಯ್ಯಾ_ಕನ್ನಡಿಗ

ಸಾಬಿಕಾಸ್ ಹೇಳಿದ್ದು ಆಗಲೇ ರಿಕಾರ್ದೊ ಅವರದ್ದೆಲ್ಲ ಕೈಗೆ ಬಂದಿದ್ದ ಹುಡುಗನಿಗೆ. ನನಗೂ ನಿಮಗೂ ಅಲ್ಲ. ಕಲಿಯಿರಿ, ಆರಾಮಾಗಿ ಕಲಿಯಿರಿ. ಆದರೆ ಪೂರ್ತಿ ಪೀಸು ಮೊದಲಿಂದ ಕೊನೆಯವರೆಗೆ ಬಾಯಿಪಾಠ ಮಾಡುವ ಬದಲು ಒಂದೇ ಫಾಲ್ಸೆಟಾ ತೆಗೆದುಕೊಂಡು, ಅದರ ಮುಂದೆ ಎರಡು ಕೊಂಪಾಸ್ (ಎಣಿಕೆಯ ಒಂದು ಪೂರ್ತಿ ಚಕ್ರ) ಬರೀ ರಾಸ್ಗೆಯಾಡೊ, ಹಿಂದೆ ಎರಡು ಕೊಂಪಾಸ್, ಸುತ್ತಿ ಸುತ್ತಿ ನುಡಿಸಿ. ಲಯದಿಂದ ಒಳಗೆ ಹೋಗುವುದು, ಲಯಕ್ಕೆ ಮರಳುವುದು, ಕಷ್ಟ ಇರುವುದು ಈ ಎರಡು ಬಾಗಿಲಲ್ಲೇ. ಮಧ್ಯದ ಸ್ವರ ಯಾರಾದರೂ ಕಲಿಯುತ್ತಾರೆ.

ಪಿಕಾಡೊ_ಪುಟ್ಟ

ಇದು ಮಾತ್ರ ಒಪ್ಪಿದೆ. ನನ್ನ ಹತ್ತಿರ ಫಾಲ್ಸೆಟಾ ರಾಶಿ ಇದೆ, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಗಾಡಿ ಆಫ್ ಆಗುತ್ತೆ.

ಆರನೇ_ತಂತಿ

ನಿನ್ನೆ ರಾತ್ರಿ ದಿಯೆಗೊ ಫಾಲ್ಸೆಟಾದ ಮೊದಲ ಭಾಗ ರೆಕಾರ್ಡ್ ಮಾಡಿ ಹಾಕಿದ್ದೇನೆ. ವೇಗ ತುಂಬಾ ನಿಧಾನ, ಮೆಟ್ರೊನೋಮ್ 100ಕ್ಕೆ ಇಟ್ಟಿದ್ದೆ. ದಯವಿಟ್ಟು ಬೈಯಿರಿ.

ವೀಣೆ_ಮನೆ

ಕೇಳಿದೆ. ಬುಲೆರಿಯಾಸ್ ನಿಜವಾದ ವೇಗದಲ್ಲಿ ನಿಮಿಷಕ್ಕೆ 200 ದಾಟುತ್ತದೆ, ಆದರೆ ಈಗ 100 ಸರಿಯಾಗಿದೆ, ಅವಸರ ಬೇಡ. ಎರಡನೇ ತಕಿಟ ಮುಗಿದ ಕೂಡಲೇ ಓಡುತ್ತಿದ್ದೀರಿ. ಮೂರರಿಂದ ಎರಡಕ್ಕೆ ಬದಲಾಗುವ ಜಾಗ ಅದು, ಎಲ್ಲರೂ ಓಡುವುದು ಅಲ್ಲೇ.

ಸೆವಿಯ್ಯಾ_ಕನ್ನಡಿಗ

ಅದೇ. ಕಾಲನ್ನೂ ತಟ್ಟುತ್ತಿಲ್ಲ ಅನ್ನಿಸುತ್ತಿದೆ. ಮೆಟ್ರೊನೋಮ್ ಬಿಟ್ಟು ಪಾಲ್ಮಾಸ್ ಟ್ರ್ಯಾಕ್ ಹಾಕಿಕೊಳ್ಳಿ, ಬರೀ ಚಪ್ಪಾಳೆಯದ್ದು, ಬೇಕಾದಷ್ಟು ಸಿಗುತ್ತದೆ. ಮೆಟ್ರೊನೋಮ್‌ಗೆ ಹನ್ನೆರಡೂ ಒಂದೇ. ಚಪ್ಪಾಳೆಯಲ್ಲಿ ಒತ್ತು ಎಲ್ಲಿ ಅಂತ ಕೇಳುತ್ತದೆ. ಆಮೇಲೆ ಹೆಬ್ಬೆರಳು ಇನ್ನಷ್ಟು ಸೇತುವೆಯ ಕಡೆ ಸರಿಸಿ, ಮೊರೊನ್ ಸದ್ದು ಇಷ್ಟು ಮೆತ್ತಗಿಲ್ಲ.

ತಿಪಟೂರು_ಹೊಸಬ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಕಾರ್ಡ್ಸ್ ಬರುತ್ತೆ, ಫಾಲ್ಸೆಟಾ ಒಂದೂ ಬರಲ್ಲ. ಬುಲೆರಿಯಾಸ್ ನೋಡಿದರೆ ಭಯ ಆಗುತ್ತೆ. ಯಾವುದರಿಂದ ಶುರು ಮಾಡಲಿ?

ಉಗುರು_ಉದ್ದ

ತಾಂಗೊಸ್. ನಾಲ್ಕು ಎಣಿಕೆ, ಪೊರ್ ಮೇದಿಯೊ, ಹೆಬ್ಬೆರಳೇ ಸಾಕು.

ವೀಣೆ_ಮನೆ

ನಾನಾದರೆ ಸೊಲೆಯಾ ಅನ್ನುತ್ತೇನೆ. ನಿಧಾನ ಇದೆ, ಹನ್ನೆರಡು ಮೈಗೆ ಹತ್ತುತ್ತದೆ, ಆಮೇಲೆ ಬುಲೆರಿಯಾಸ್‌ಗೆ ಭಯ ಇರುವುದಿಲ್ಲ.

ಉಗುರು_ಉದ್ದ

ಸೊಲೆಯಾ ನಿಧಾನ ಅಂತ ಸುಲಭ ಅಂದುಕೊಳ್ಳಬೇಡಿ ಮೇಡಂ, ಅಷ್ಟು ಖಾಲಿ ಜಾಗ ಹಿಡಿದುಕೊಂಡು ಕೂರೋದು ಹೊಸಬರಿಗೆ ಆಗಲ್ಲ. ತಾಂಗೊಸ್ಸೇ.

ವೀಣೆ_ಮನೆ

ಸುಲಭ ಅಂತ ನಾನೆಲ್ಲಿ ಹೇಳಿದೆ?

ಹುಬ್ಬಳ್ಳಿ_ಹುಡುಗ

ತಿಪಟೂರಿನವ್ರ, ನೀವು ತಾಂಗೊಸ್ ಶುರು ಮಾಡ್ರಿ, ಇವ್ರ ಜಗಳಾ ಮುಗಿಯೂತನ ಸೊಲೆಯಾನೂ ಬಂದಿರತೈತಿ.